ರಾಹುಕಾಲದ ಬಿಲ್ಲು

ಇವತ್ತು ಬೆಳಗ್ಗೆ ಕೊಡಿಗೇಹಳ್ಳಿಯಲ್ಲಿ ನನ್ನ ಸ್ಕೂಟರಿನ ಚಕ್ರ ಬಿಚ್ಚಿಸಿಕೊಂಡು ಕೂತಿದ್ದೆ. ಮೆಕ್ಯಾನಿಕ್ ಹೊಸ ಬೇರಿಂಗಿನ ಕಾಗದ ಹರಿದ. ಗ್ರೀಸಿನ ವಾಸನೆ ಬಂತು ನೋಡಿ, ನಾನು ಸ್ಟೂಲಿನ ಮೇಲೆ ಕೂತಲ್ಲೇ ಯಶವಂತಪುರಕ್ಕೆ ಹೋಗಿಬಿಟ್ಟೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಏನೇನೋ ನೆನಪಾಗುತ್ತದಂತೆ. ನನಗೆ ಗ್ರೀಸಿಗೆ ಕಂಪ್ಯೂಟರ್ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನನ್ನ ಕಸುಬು ಹಳೆಯ ಸಾಫ್ಟ್‌ವೇರಿನ ರಿಪೇರಿ. ಎಂಟನೇ ಕ್ಲಾಸಿನಲ್ಲಿ ನಾನೂ ಗಣಿತವೂ ಪರಸ್ಪರ ಕೈಮುಗಿದು ಬೇರೆಯಾದ ಮೇಲೆ, ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಮು ಬರೆದುಕೊಡುವ ಒಂದು ಸಣ್ಣ ಕಂಪನಿಗೆ ವೈರು ಎಳೆಯಲು ಸೇರಿದೆ. ಬರೆದವರು ಬರೆಯುತ್ತಿದ್ದರು, ನಾನು ಹೊತ್ತುಕೊಂಡು ಹೋಗಿ ಕೂರಿಸುತ್ತಿದ್ದೆ. ಗಿರಾಕಿಯ ಬೈಗುಳ ತಿನ್ನುವುದೂ ನನ್ನದೇ ಖಾತೆ. ಹಾಗೆ ತಿನ್ನುತ್ತ ತಿನ್ನುತ್ತ ಆ ಪ್ರೋಗ್ರಾಮಿನ ಸ್ವಭಾವ ಪೂರ್ತಿ ತಿಳಿಯಿತು. ಕಂಪನಿ ಬಾಗಿಲು ಹಾಕಿತು, ಬರೆದವರು ಎಲ್ಲೆಲ್ಲಿಗೋ ಹೋದರು, ಪ್ರೋಗ್ರಾಮು ಮಾತ್ರ ಅಂಗಡಿಗಳಲ್ಲಿ ಉಳಿಯಿತು. ಈಗ ಅದಕ್ಕೆ ತಂದೆ ತಾಯಿ ಎಲ್ಲ ನಾನೇ. ನಾಗಸಂದ್ರದಿಂದ ಯಲಹಂಕದವರೆಗೆ ಎಲ್ಲಿ ಕೆಟ್ಟರೂ ನನಗೇ ಫೋನು. ಈ ಮಾತು ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ ಬಿಡಿ. ದುಡಿದು ಕಲಿತದ್ದು.

ಆ ಗಿರಾಕಿಗಳಲ್ಲಿ ಒಬ್ಬರು ಗಂಗಾಧರಯ್ಯನವರು. ಯಶವಂತಪುರದಲ್ಲಿ ಲಾರಿ ಬಿಡಿಭಾಗಗಳ ಸಗಟು ಅಂಗಡಿ. ಮುಂದೆ ಕೌಂಟರು, ಹಿಂದೆ ಗೋಡೌನು, ಎಲ್ಲೆಲ್ಲೂ ಗ್ರೀಸಿನ ವಾಸನೆ. ಕೌಂಟರಿನ ಪಕ್ಕದಲ್ಲೇ ಒಂದು ಪ್ಲೈವುಡ್ ಗೂಡಿನಲ್ಲಿ ಸರ್ವರು. ಅಂಗಡಿಯ ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿ. ಅದರ ನೆತ್ತಿಗೆ ಕುಂಕುಮ, ಕೊರಳಿಗೆ ಒಣಗಿದ ಸೇವಂತಿಗೆ. ಗಾಳಿ ಹೋಗುವ ತೂತಿಗೆ ಹೂ ಇಡಬೇಡಿ ಎಂದು ಪ್ರತಿಸಲವೂ ಹೇಳುತ್ತಿದ್ದೆ. ಪ್ರತಿಸಲವೂ ಹೂ ಒಂದು ಬೆರಳು ಪಕ್ಕಕ್ಕೆ ಸರಿಯುತ್ತಿತ್ತು, ಅಷ್ಟೇ.

ಒಂದು ದಿನ ಅವರ ಫೋನು ಬಂತು. "ಸ್ಟಾಕು ತಾಳೆ ಆಗ್ತಿಲ್ಲಪ್ಪ. ಸಾಫ್ಟ್‌ವೇರಲ್ಲಿ ಜಾಸ್ತಿ ತೋರಿಸ್ತದೆ, ಕಪಾಟಲ್ಲಿ ಕಮ್ಮಿ ಇದೆ. ಬಂದು ನೋಡು. ಮಿಷಿನ್ ಸರಿಯಿದೆ ಅಂತ ನೀನೊಂದು ಮಾತು ಹೇಳಿದ್ರೆ ಸಾಕು, ಉಳಿದಿದ್ದು ನಾನು ನೋಡ್ಕೊತೀನಿ."

ಉಳಿದದ್ದು ಏನು ಎಂದು ಅಂಗಡಿಗೆ ಹೋದಾಗ ತಿಳಿಯಿತು. ಗೋಡೌನು ನೋಡಿಕೊಳ್ಳುವ ಹನುಮಂತಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವನು, ಗಂಗಾಧರಯ್ಯನವರು ಅಂಗಡಿ ತೆರೆದಾಗಿನಿಂದ ಇದ್ದವನು. ಗೋಡೌನಿನ ಬೀಗದ ಕೈ ಸದಾ ಅವನ ಉಡಿದಾರಕ್ಕೆ ಕಟ್ಟಿರುತ್ತಿತ್ತು. ಆ ದಿನ ಅದು ಯಜಮಾನರ ಮೇಜಿನ ಮೇಲಿತ್ತು.

"ಏನ್ ಹನುಮಂತಪ್ಪ, ಇಲ್ಲಿ ಕೂತಿದೀಯ?"

"ಇನ್ನೆಲ್ಲಿ ಕೂರ್ಲಿ ಕಂಪೂಟ್ರಪ್ಪ? ನಿನ್ ಮಿಸೀನು ಮಾಲು ಐತೆ ಅಂತದೆ. ನಾನು ಇಲ್ಲ ಅಂತೀನಿ. ಇಬ್ರಲ್ಲಿ ಒಬ್ರು ಕಳ್ರು. ಅದ್ಕೆ ವಟ್ಟೆ ಇಲ್ಲ, ನಂಗೈತೆ. ಅದ್ಕೇ ನನ್ ಕಡೆ ನೋಡ್ತಾವ್ರೆ."

ಯಾರೂ ಅವನಿಂದ ಬೀಗದ ಕೈ ಕಿತ್ತುಕೊಂಡಿರಲಿಲ್ಲ. ಅನುಮಾನದ ಮಾತು ಕಿವಿಗೆ ಬಿದ್ದ ತಕ್ಷಣ ತಾನೇ ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ಆದರೂ ದಿನಾ ಹೊತ್ತಿಗೆ ಸರಿಯಾಗಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಮನೆಯಲ್ಲೇ ಉಳಿದರೆ ಜನ ಕಳ್ಳನೆಂದು ತೀರ್ಮಾನ ಮಾಡಿಬಿಡುತ್ತಾರಲ್ಲ.

ನಾನು ಒಳಗೆ ಹೋಗಿ ಸರ್ವರಿನ ಮುಂದೆ ಕೂತೆ. ನನ್ನ ಕಷ್ಟ ನಿಮಗೆ ಅರ್ಥವಾಗಿರಬೇಕು. ಮಿಷಿನ್ ಸರಿಯಿದೆ ಎಂದರೆ ಆ ಮನುಷ್ಯ ಕಳ್ಳನಾಗುತ್ತಾನೆ. ಸರಿಯಿಲ್ಲ ಎಂದರೆ ಯಜಮಾನರು ಅದನ್ನು ಕಿತ್ತು ಹೊಸದು ಹಾಕಿಸುತ್ತಾರೆ, ನನ್ನ ಗಿರಾಕಿ ಹೋಗುತ್ತದೆ. ಸದ್ಯಕ್ಕೆ ನನಗೆ ಮಿಷಿನಿನಲ್ಲಿ ಏನೂ ತಪ್ಪು ಕಾಣುತ್ತಲೂ ಇರಲಿಲ್ಲ. ಡಿಸ್ಕು ಪರೀಕ್ಷೆ ಮಾಡಿದೆ. ಫೈಲುಗಳನ್ನು ಹೊಸದಾಗಿ ಜೋಡಿಸಿದೆ. ವೈರು ಬದಲಿಸಿದೆ. ಕೊನೆಗೆ ಮಾಡಲು ಏನೂ ತೋಚದೆ ಫ್ಯಾನಿನ ಧೂಳು ಒರೆಸಿದೆ. ರಿಪೇರಿಯವನು ಧೂಳು ಒರೆಸುತ್ತಿದ್ದಾನೆ ಎಂದರೆ ಅವನಿಗೆ ಏನೂ ಗೊತ್ತಾಗುತ್ತಿಲ್ಲ ಎಂದೇ ತಿಳಿಯಿರಿ. ಡಾಕ್ಟರು ನಾಲಿಗೆ ಚಾಚಿ ಎನ್ನುವುದಿಲ್ಲವೇ, ಹಾಗೆ.

ಶುಕ್ರವಾರ ಮತ್ತೆ ಹೋದೆ. ಹನ್ನೊಂದರ ಸುಮಾರಿಗೆ ಒಬ್ಬ ಲಾರಿ ಮಾಲೀಕ ಬಂದ. ಹಣೆಗೆ ದೇವಸ್ಥಾನದ ಕುಂಕುಮ, ಕೈಯಲ್ಲಿ ಉದ್ದನೆಯ ಪಟ್ಟಿ. ಹೊಸದಾಗಿ ಹಲವು ಲಾರಿ ತೆಗೆದುಕೊಂಡವನು, ಈಚೆಗೆ ಪ್ರತಿ ಶುಕ್ರವಾರ ಇಲ್ಲಿಗೇ ಬರುತ್ತಿದ್ದಾನಂತೆ. ಬಿಲ್ಲು ಹಾಕುವ ಲಲಿತಮ್ಮನ ಮುಂದೆ ನಿಂತು, "ಅಕ್ಕಾ, ಟೈಮು ಸ್ವಲ್ಪ ನೋಡಿ ಹಾಕಿ" ಅಂದ.

"ಗೊತ್ತು ಕಣಪ್ಪ, ಪ್ರತಿವಾರ ಹೇಳ್ಬೇಕಾ?" ಎಂದು ಲಲಿತಮ್ಮ ಸರ್ವರಿನ ಕೀಲಿಮಣೆ ತಮ್ಮ ಕಡೆಗೆ ಎಳೆದುಕೊಂಡರು. ಕಂಪ್ಯೂಟರಿನ ಗಡಿಯಾರವನ್ನು ಹತ್ತೂಕಾಲಿಗೆ ಹಿಂದೆ ತಿರುಗಿಸಿ, ಬಿಲ್ಲು ಹಾಕಿ, ಮತ್ತೆ ಹನ್ನೊಂದಕ್ಕೆ ತಂದು ನಿಲ್ಲಿಸಿದರು. ಹುಳಿಗೆ ಉಪ್ಪು ಹಾಕಿದಷ್ಟು ಸಲೀಸು.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನಮ್ಮ ಬಿಲ್ಲಿನ ಮೂಲೆಯಲ್ಲಿ ಗಂಟೆ ಅಚ್ಚಾಗುತ್ತದೆ. ಹೊಸ ಗಾಡಿಗೆ ಹಾಕುವ ಸಾಮಾನಿನ ಬಿಲ್ಲಿನಲ್ಲಿ ರಾಹುಕಾಲ ಯಾರಿಗೆ ಬೇಕು?

"ಲಲಿತಮ್ಮ, ಇದನ್ನ ಯಾವಾಗಿಂದ ಮಾಡ್ತಿದೀರ?"

"ಮೊದ್ಲಿಂದಾನೂ. ಕೇಳಿದೋರಿಗೆ ಮಾಡ್ಕೊಡ್ತೀವಪ್ಪ. ಯಜಮಾನ್ರಿಗೂ ಗೊತ್ತು."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಇದನ್ನೂ ಹೇಳ್ತಾರಾ? ಬೀಗ ಹಾಕಿ ಎಳೆದು ನೋಡ್ತೀವಿ. ಅದನ್ನ ನಿಮಗೆ ಹೇಳಿದೀವಾ?"

ನಿಜವೇ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಂಗಡಿಯ ಗೋಡೆಗಂಟಿದ ಕ್ಯಾಲೆಂಡರಿನಷ್ಟೇ ಬಹಿರಂಗ. ನಾನೊಬ್ಬನೇ ಸರ್ವರಿನ ಹೊಟ್ಟೆ ಬಗೆದು ನೋಡುತ್ತಿದ್ದೆ, ಪಕ್ಕದಲ್ಲಿ ಕೂತವರನ್ನು ನೋಡಿರಲಿಲ್ಲ.

ಈಗ ನಮ್ಮ ಪ್ರೋಗ್ರಾಮಿನ ಒಂದು ಗುಣ ಹೇಳಬೇಕು. ಅದು ಬಿಲ್ಲುಗಳನ್ನು ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಹೊಸ ಬಿಲ್ಲು ಬಂದಾಗ ಸಾಲಿನ ಕೊನೆಯವನನ್ನು ಮಾತ್ರ ಕೇಳುತ್ತದೆ, ಎಷ್ಟು ಮಾಲು ಉಳಿದಿದೆಯಪ್ಪ ಎಂದು. ಗಂಟೆ ಹಿಂದೆ ತಿರುಗಿಸಿ ಹಾಕಿದ ಬಿಲ್ಲು ಸಾಲಿನ ನಡುವೆ ನುಗ್ಗಿ ನಿಲ್ಲುತ್ತದೆ. ಅದನ್ನು ಮುಂದೆ ಯಾರೂ ಕೇಳುವುದಿಲ್ಲ. ಅದರಲ್ಲಿ ಮಾರಿದ ಮಾಲು ಕಪಾಟಿನಿಂದ ಹೋಗುತ್ತದೆ, ಲೆಕ್ಕದಿಂದ ಹೋಗುವುದಿಲ್ಲ. ಅಪರೂಪಕ್ಕೊಂದು ಬಿಲ್ಲು ಹೀಗಾದಾಗ ಒಡೆದದ್ದು, ಕಳೆದದ್ದು ಎಂದು ಸುಮ್ಮನಾಗಿದ್ದರು. ಈ ಶುಕ್ರವಾರದ ಭಕ್ತ ಬಂದ ಮೇಲೆ ಅಂತರ ಎದ್ದು ಕಂಡಿತ್ತು.

ಲಲಿತಮ್ಮನ ಕಡೆ ಕೈ ತೋರಿಸಿ ನಾನು ಪಾರಾಗಬಹುದಿತ್ತು. ಆಗ ಮೆಟ್ಟಿಲ ಮೇಲೆ ಹನುಮಂತಪ್ಪನ ಬದಲು ಅವರು ಕೂರುತ್ತಿದ್ದರು. ನಾನು ಗಂಗಾಧರಯ್ಯನವರನ್ನು ಕರೆದೆ. ಲೆಕ್ಕದ ಒಂದು ಪ್ರತಿ ತೆಗೆದಿಟ್ಟುಕೊಂಡು, "ಯಜಮಾನ್ರೇ, ನೀವೇ ಕೂತ್ಕೊಳಿ. ಗಂಟೆ ಹಿಂದೆ ತಿರುಗ್ಸಿ. ಈಗೊಂದು ಬಿಲ್ಲು ಹಾಕಿ. ಗಂಟೆ ಸರಿ ಮಾಡಿ. ಈಗ ಸ್ಟಾಕು ನೋಡಿ" ಅಂದೆ.

ಅವರು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಮಾರಿದ ಮಾಲು ಪರದೆಯ ಮೇಲೆ ಹಾಗೇ ಇತ್ತು.

"ಹಂಗಾದ್ರೆ ಆ ಮಾಲೆಲ್ಲ?"

"ಗಿರಾಕಿ ಲಾರಿಲಿದೆ. ನ್ಯಾಯವಾಗಿ ಬಿಲ್ಲಾಗಿ ಹೋಗಿದೆ. ಹಿಂದೆ ತಿರುಗಿಸಿದ ಗಂಟೇನ ನನ್ನ ಪ್ರೋಗ್ರಾಮು ಬೇಡ ಅನ್ಬೇಕಿತ್ತು, ಅನ್ಲಿಲ್ಲ. ತಪ್ಪು ಅದರದ್ದು. ಹೊಸದು ಹಾಕಿಸ್ಕೋತೀರಾ, ಹಾಕಿಸ್ಕೊಳಿ. ಹನುಮಂತಪ್ಪನ ಮೇಲೆ ಮಾತು ಬೇಡ."

ಗಂಗಾಧರಯ್ಯನವರು ಎದ್ದರು. ಮೇಜಿನ ಮೇಲಿದ್ದ ಬೀಗದ ಕೈ ಎತ್ತಿಕೊಂಡು ಹೊರಗೆ ಹೋದರು. ನಾನೂ ಲಲಿತಮ್ಮನೂ ಬಾಗಿಲಲ್ಲಿ ನಿಂತೆವು.

"ತಗೊಳೋ ಹನುಮಂತ" ಎಂದರು. "ಮಿಷಿನ್ದೇ ತಪ್ಪಂತೆ. ನಂದೂ ಸೇರ್ಸ್ಕೋ."

ಹನುಮಂತಪ್ಪ ಬೀಗದ ಕೈ ನೋಡಿದ, ಯಜಮಾನರ ಮುಖ ನೋಡಿದ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡ.

"ಈಗ ಬ್ಯಾಡಿ ಯಜಮಾನ್ರೇ. ರಾವುಕಾಲ ನಡೀತೈತೆ. ಕಳೀಲಿ, ಆಮ್ಯಾಕೆ ಈಸ್ಕೊಂತೀನಿ."

ಲಲಿತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಗಾಧರಯ್ಯನವರು ಬೀಗದ ಕೈ ಮುಷ್ಟಿಯಲ್ಲೇ ಹಿಡಿದುಕೊಂಡರು. ಆಮೇಲೆ ಪಂಚೆ ಎತ್ತಿ ಹಿಡಿದು, ಆ ಮೆಟ್ಟಿಲ ಮೇಲೆ, ಹನುಮಂತಪ್ಪನ ಪಕ್ಕದಲ್ಲೇ ಕೂತರು. ರಸ್ತೆಯಲ್ಲಿ ಹೋಗುವವರು ನಮಸ್ಕಾರ ಹಾಕಿಕೊಂಡು, ಇದೇನು ಹೊಸದು ಎಂದು ತಿರುಗಿ ನೋಡಿಕೊಂಡು ಹೋಗುತ್ತಿದ್ದರು. ಲಲಿತಮ್ಮ ಇಬ್ಬರಿಗೂ ಕಾಫಿ ಕಳಿಸಿದರು. ಹನ್ನೆರಡು ಹೊಡೆಯುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ಹೋಗಲೂ ಇಲ್ಲ.

ಪ್ರೋಗ್ರಾಮನ್ನು ಅವರು ಕಿತ್ತು ಹಾಕಿಸಲಿಲ್ಲ. ಗಡಿಯಾರವನ್ನು ಯಾರೂ ಮುಟ್ಟದ ಹಾಗೆ ಮಾಡಿದೆ, ಬಿಲ್ಲಿನ ಮೂಲೆಯಲ್ಲಿ ಗಂಟೆ ಅಚ್ಚಾಗುವುದನ್ನು ತೆಗೆದುಹಾಕಿದೆ. ಹೊತ್ತೇ ಇಲ್ಲದ ಬಿಲ್ಲಿಗೆ ರಾಹು ಏನು ಮಾಡಿಯಾನು? ಲಾರಿ ಮಾಲೀಕನೂ ಒಪ್ಪಿದ.

ಅಂದಿನಿಂದ ಯಾವ ಅಂಗಡಿಗೆ ಹೋದರೂ ನಾನು ಸರ್ವರಿಗೆ ಕೈ ಹಚ್ಚುವ ಮೊದಲು ಒಂದು ಹೊತ್ತು ಕೌಂಟರಿನ ಪಕ್ಕ ಸುಮ್ಮನೆ ಕೂರುತ್ತೇನೆ. ಜನ ಇವನೇನು ಸೋಮಾರಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಕೆಲಸ ಅಲ್ಲೇ ಅರ್ಧ ಮುಗಿದಿರುತ್ತದೆ.

ಸ್ಕೂಟರಿನ ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಫೋನು ಬಂತು. ಹೆಬ್ಬಾಳದ ಒಂದು ಹಾರ್ಡ್‌ವೇರ್ ಅಂಗಡಿಯ ಹುಡುಗ ಯಜಮಾನ, ದನಿಯಲ್ಲಿ ಬೆಂಕಿ. "ಸಾರ್, ಲೆಕ್ಕ ಎಲ್ಲ ಉಲ್ಟಾ ಹೊಡೀತಿದೆ. ಯಾರ್ ಕಿತಾಪತಿ ಅಂತ ನಂಗೊತ್ತು. ಇವತ್ತೇ ಅವನ್ನ ಕೂರಿಸ್ಕೊಂಡು ಕೇಳ್ತೀನಿ."

ನಾನು ಎದ್ದು ನಿಂತೆ. ಮೆಕ್ಯಾನಿಕ್‌ಗೆ ಬೇಗ ಮುಗಿಸು ಗುರು ಎಂದು ಸನ್ನೆ ಮಾಡಿ, ಫೋನಿಗೆ ಹೇಳಿದೆ:

"ಬರ್ತಿದೀನಿ. ನಾನು ಬಂದು ಕೂರೋವರ್ಗೂ ಯಾರಿಗೂ ಏನೂ ಅನ್ಬೇಡಿ."