ಆನೆ ಕಾರಿನ ಐದನೇ ಗೇರು

ಉಜ್ಜಪ್ಪ ಕಲಿತದ್ದು ಮೂರನೇ ಕ್ಲಾಸು. ಅಪ್ಪನ ಜೊತೆ ಕುರಿ ಕಾಯುತ್ತ ಬೆಳೆದವನು, ಒಂದು ದಿನ ಕೆಟ್ಟು ನಿಂತ ಲಾರಿಯ ಕೆಳಗೆ ಇಣುಕಿ ನೋಡುತ್ತ ಮೈಮರೆತ. ಆ ಸಂಜೆ ಹಟ್ಟಿಗೆ ಎರಡು ಕುರಿ ಕಡಿಮೆ ಬಂದವು. ಹದಿನೈದು ವರ್ಷ ಕಂಡವರ ಗ್ಯಾರೇಜಿನಲ್ಲಿ ದುಡಿದು, ಕೊನೆಗೆ ಶಿರಾಳಕೊಪ್ಪದ ಸೊರಬ ರಸ್ತೆಯಲ್ಲಿ ತನ್ನದೇ ತಗಡಿನ ಶೆಡ್ ಹಾಕಿದ. ಪಕ್ಕದಲ್ಲೇ ಕಬ್ಬಿಣ ಕಡೆಯುವ ನನ್ನ ಲೇತ್ ಅಂಗಡಿ. ಈ ಕತೆಯನ್ನು ಬೇರೆ ಯಾರಾದರೂ ಬೇರೆ ಥರ ಹೇಳಿದರೆ ನಂಬಬೇಡಿ.

ಶೆಡ್ ಇದ್ದ ಜಾಗ ಮಂಡಿ ಸಾಹುಕಾರ ಮಹೇಶ್ವರಪ್ಪನವರದು. ಅವರ ತಂದೆಯ ಕಾಲದ ಅಮೆರಿಕದ ಕಾರೊಂದಿತ್ತು. ಮುಂದಿನ ಸೀಟಿನಲ್ಲೇ ನಾಲ್ವರು ಕೂರಬಹುದಾದ ಅದಕ್ಕೆ ಜನ ಇಟ್ಟ ಹೆಸರು ಆನೆ ಕಾರು. ಇಂಜಿನ್ನು ಗಟ್ಟಿಯಾಗಿತ್ತು. ಆದರೆ ತೊಂಬತ್ತಾರರಲ್ಲಿ ಗೇರ್‌ಬಾಕ್ಸಿನ ಹಲ್ಲುಗಳು ಸವೆದು ಉದುರಿದವು. ಆ ಸಾಮಾನು ಎಲ್ಲೂ ಸಿಗಲಿಲ್ಲ. ಶಿವಮೊಗ್ಗದ ಮೇಸ್ತ್ರಿಗಳೆಲ್ಲ ಗುಜರಿಗೆ ಹಾಕಿ ಅಂದುಬಿಟ್ಟರು.

ನಮ್ಮ ಉಜ್ಜಪ್ಪ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ. ಮಂಡಿಗೆ ಹೋಗಿ, "ಮಗುಚಿ ಬಿದ್ದ ಹೊಸಾ ವ್ಯಾನಿಂದು ಐದು ಗೇರಿನ ಬಾಕ್ಸ್ ಐತ್ರಿ ನನ್ ಹತ್ರ. ನಿಮ್ ಕಾರಿಗೆ ಕೂರಿಸ್ತೀನಿ" ಅಂದ.

ಸಾಹುಕಾರರು ಎಲ್ಲರೆದುರೇ ನಕ್ಕರು. "ಕುರಿ ಕೋಲು ಹಿಡಿಯೋ ಕೈಗೆ ಗೇರ್‌ಬಾಕ್ಸ್ ಏನೋ ತಿಳಿತತಿ?"

"ಬರೋ ಸಂತೆ ದಿನ ನೀವೇ ಓಡಿಸ್ಕಂಡು ಆನವಟ್ಟಿಗೆ ಹೋಗಿ ಬರ್ರಿ. ದಾರೀಲಿ ನಿಂತ್ರೆ ಶೆಡ್ ಕಿತ್ಕಂಡು ಹೋಗ್ತೀನಿ. ಮತ್ತೆ ಸ್ಪ್ಯಾನರ್ ಮುಟ್ಟಲ್ಲ!"

"ಆಗ್ಲಿ, ಎಲ್ರೂ ಕೇಳಿದ್ರಲ್ಲ" ಅಂದರು ಸಾಹುಕಾರರು.

"ನಿನ್ ನಾಲಿಗೆಗೆ ಬ್ರೇಕೇ ಇಲ್ವೇನೋ?" ಎಂದು ಆಮೇಲೆ ಉಜ್ಜಪ್ಪನಿಗೆ ಬೈದೆ. ಬೈದವನೇ ಅವನ ಕೆಲಸಕ್ಕೂ ನಿಂತೆ. ಇಂಜಿನ್ನಿಗೂ ಹೊಸ ಬಾಕ್ಸಿಗೂ ನಡುವೆ ಬೇಕಿದ್ದ ದಪ್ಪ ಕಬ್ಬಿಣದ ಬಿಲ್ಲೆಯನ್ನು ಕಡೆದುಕೊಟ್ಟೆ. ಬಾಕ್ಸು ಹಳೆಯದಕ್ಕಿಂತ ಗೇಣುದ್ದ ಹೆಚ್ಚಿತ್ತು, ಹಾಗಾಗಿ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಗಿಡ್ಡ ಮಾಡಬೇಕಿತ್ತು. ಎಡವಿದ್ದು ಅಲ್ಲೇ. ಉಜ್ಜಪ್ಪನ ಮನೆಯವರು ಏನನ್ನೇ ಅಳೆಯಲಿ, ಕಂಬಳಿ ನೇಯುವ ಉಣ್ಣೆ ನೂಲಿನಲ್ಲೇ ಅಳೆಯುವುದು. ಇವನೂ ಕಾರಿನ ಕೆಳಗೆ ನೂಲನ್ನು ಬಿಗಿಯಾಗಿ ಎಳೆದು, ಗಂಟು ಹಾಕಿ ತಂದ. ನನ್ನ ಬೆಂಚಿನ ಮೇಲೆ ಸಡಿಲ ಬಿಟ್ಟಾಗ ಅದು ಕುಗ್ಗಿತು. ದಡ್ಡ ನಾನು, ಅದನ್ನೇ ನಂಬಿ ಕೊಯ್ದೆ. ಶಾಫ್ಟು ಮೂರು ಬೆರಳು ಗಿಡ್ಡ!

ಸಂತೆಗೆ ಎರಡೇ ದಿನವಿತ್ತು. ಸಿಟ್ಟಿಗೆ ಕೈಯಲ್ಲಿದ್ದ, ಕಬ್ಬಿಣ ಉಜ್ಜುವ ಅರ ಬಿಸಾಕಿದೆ. "ಹೋಗು, ಗಂಟುಮೂಟೆ ಕಟ್ಟು!"

"ತಪ್ಪು ನಂದೇ ಕೆಂಪಪ್ಪಣ್ಣ" ಅಂದವನು ಶೆಡ್ಡಿನ ಮೂಲೆಗೆ ಹೋದ. ಅಲ್ಲಿ ತೀರಿಹೋದ ಅಪ್ಪನ ಕುರಿ ಕೋಲು ಒರಗಿತ್ತು. ಅದನ್ನೆತ್ತಿಕೊಂಡು ಕಾರಿನ ಕೆಳಗೆ ತೂರಿ, ಚಾಕುವಿನಲ್ಲಿ ಗುರುತು ಕೊರೆದು ತಂದು, ನನ್ನ ಬೆಂಚಿನ ಮೇಲೆ ಕುಟ್ಟಿದ. "ಇದು ಹಿಗ್ಗಲ್ಲ, ಕುಗ್ಗಲ್ಲ. ಶಾಫ್ಟಿಗೆ ಬೇರೆ ಪೈಪ್ ಕೊಯ್ಯಣ್ಣ."

ಕೊಯ್ದೆ. ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕೂತಿತು. ನನಗೆ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನೂ ಇಲ್ಲ.

ಹಳೆಯ ಗೇರಿನ ಹಿಡಿ ಸ್ಟೇರಿಂಗಿನ ಪಕ್ಕದಲ್ಲಿತ್ತು. ಹೊಸದರ ಕಡ್ಡಿ ನೆಲದಿಂದ ಮೇಲೆ ಬಂತು, ಅದರ ತುದಿಗೆ ಹಿಡಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಕರ್ರಗೆ ಮಿರುಗುವ ಮರದ ಹಿಡಿಯೊಂದು ಕೂತಿತ್ತು. ಉಜ್ಜಪ್ಪ ಅದನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

ಸಂತೆ ದಿನ ಸಾಹುಕಾರರೇ ಓಡಿಸಿದರು. ಪಕ್ಕದಲ್ಲಿ ಉಜ್ಜಪ್ಪ, ಹಿಂದೆ ನಾನು. ಅವರೂ ಕಡಿಮೆಯವರಲ್ಲ, ಏರಿನ ನಟ್ಟನಡುವೆ ಬೇಕಂತಲೇ ನಿಲ್ಲಿಸಿ ಮತ್ತೆ ಹೊರಡಿಸಿದರು. ಆನೆ ಗೊಣಗದೆ ಹತ್ತಿತು. ಆನವಟ್ಟಿ ಮುಟ್ಟಿ, ತಿರುಗಿ ಮಂಡಿಯ ಮುಂದೆ ಬಂದಾಗ ಜನ ಸುತ್ತುವರಿದರು.

"ಭೇಷ್ ಕಣೋ!" ಅಂದರು ಸಾಹುಕಾರರು, ಹಿಡಿಯನ್ನು ಸವರುತ್ತ. "ಕೈಗೆ ಎಷ್ಟ್ ಚೆನ್ನಾಗಿ ಒಪ್ಪತತಿ! ಯಾವ ಕಟ್ಗೇದೋ?"

"ನಮ್ಮಪ್ಪನ ಕುರಿ ಕೋಲಿನ ತುಂಡ್ರೀ."

ಸಾಹುಕಾರರು ಕೈ ಹಿಂದಕ್ಕೆಳೆದುಕೊಂಡರು.

ಉಜ್ಜಪ್ಪ ಕಾರಿನಿಂದ ಇಳಿದ. "ಅದನ್ನ ಹಿಡೀದಿದ್ರೆ ಗಾಡಿ ಹೊರಡಲ್ರೀ" ಎಂದು ಬಾಗಿಲು ಹಾಕಿ, ಹಿಂತಿರುಗಿಯೂ ನೋಡದೆ ಶೆಡ್ಡಿನ ಕಡೆ ನಡೆದ.

ಸಾಹುಕಾರರ ಮನೆ ಇದ್ದದ್ದು ಶಿಕಾರಿಪುರದಲ್ಲಿ, ನಡೆದು ಹೋಗುವ ದೂರವಲ್ಲ. ಅವರು ಕ್ಲಚ್ಚು ತುಳಿದರು. ಆಮೇಲೆ ಎಡಗೈ ಚಾಚಿ ಕುರಿ ಕೋಲು ಹಿಡಿದರು.