ನಾಲ್ಕನೇ ಬಸ್ಸು ತಪ್ಪಿಸಿಕೊಂಡವರು

ಮದುವೆ ಊಟದ ಪಂಕ್ತಿಯಲ್ಲಿ ಕೂತರೆ ಎಲೆಯಲ್ಲಿ ಏನು ಬಡಿಸಿದ್ದಾರೆಂದು ನಾನು ನೋಡುವುದಿಲ್ಲ, ಮೊದಲು ತಲೆ ಎಣಿಸುತ್ತೇನೆ. ನಡುವೆ ಯಾರಾದರೂ ಎದ್ದು ಹೋದರೆ, ಅವರು ವಾಪಸು ಬಂದು ಕೂರುವ ತನಕ ನನಗೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. "ಅವರೇನು ನಿಮ್ಮ ಸ್ಕೂಲ್ ಮಕ್ಕಳಾ? ಸುಮ್ನೆ ಊಟ ಮಾಡ್ರೀ," ಎಂದು ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಾಳೆ. ನಾನು ಊಟ ಮಾಡುತ್ತೇನೆ, ಆದರೆ ಕಣ್ಣು ಆ ಖಾಲಿ ಕುರ್ಚಿಯ ಮೇಲೆಯೇ ಇರುತ್ತದೆ.

ಈ ಎಣಿಸುವ ಚಟ ಹತ್ತಿದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನಾನು ಟೈಂ ಕೀಪರ್. ಬಂದವರ ಕಾರ್ಡಿಗೆ ಮುದ್ರೆ, ಬಾರದವರ ಕಾರ್ಡಿನಲ್ಲಿ ಖಾಲಿ ಚೌಕ. ಖಾಲಿ ಚೌಕ ಕಂಡು ನಾನೊಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಟಿ. ದಾಸರಹಳ್ಳಿಯ ಒಂದು ಶಾಲೆಯಲ್ಲಿ ಬಸ್ಸುಗಳ ಉಸ್ತುವಾರಿಗೆ ಸೇರಿದೆ. ಆರು ಬಸ್ಸು. ಯಾವ ಮಗು ಯಾವ ಬಸ್ಸು ಹತ್ತಿತು, ಮುಖ್ಯವಾಗಿ ಯಾವ ಮಗು ಹತ್ತಲಿಲ್ಲ ಎಂಬುದನ್ನು ಬರೆದಿಡುವುದು ನನ್ನ ಕೆಲಸ. ಇಲ್ಲಿಯ ಖಾಲಿ ಚೌಕ ಬೇರೆ ಥರದ್ದು. ಅದು ತುಮಕೂರು ರಸ್ತೆಯ ಲಾರಿಗಳ ನಡುವೆ ನಿಂತಿರಬಹುದು. ಹಾಗಾಗಿ ಮಧ್ಯಾಹ್ನ ಮೂರಾದರೆ ಸಾಕು, ನಾನು ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ.

ಅಲಂಕಾರಶಾಸ್ತ್ರದವರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರಂತೆ. ಬಸ್ಸು ತಪ್ಪಿಸಿಕೊಳ್ಳುವ ಮಕ್ಕಳನ್ನು ಅವರು ಕಂಡಿದ್ದರೆ ಎಂಟಕ್ಕೆ ನಿಲ್ಲಿಸುತ್ತಿರಲಿಲ್ಲ. ಗೆಳೆಯನ ಹುಟ್ಟುಹಬ್ಬವೆಂದು ಅವನ ಬಸ್ಸಿಗೇ ಹತ್ತುವವರಿದ್ದಾರೆ. ಶೂ ಲೇಸು ಕಟ್ಟಲು ಬಗ್ಗಿ, ಅಲ್ಲೇ ಇರುವೆ ಸಾಲು ಕಂಡು, ಏಳುವುದನ್ನೇ ಮರೆಯುವವರಿದ್ದಾರೆ. ಕೆಲವರನ್ನು ಅಜ್ಜ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾರೆ, ಯಾರಿಗೂ ಹೇಳುವುದಿಲ್ಲ. ಈ ಕೊನೆಯದರಲ್ಲಿ ತಪ್ಪಿತಸ್ಥರು ಅಜ್ಜನೇ, ಆದರೆ ಅವರನ್ನು ಬೆಂಚಿನ ಮೇಲೆ ನಿಲ್ಲಿಸಲು ಬರುವುದಿಲ್ಲ.

ನಾಲ್ಕನೇ ಬಸ್ಸಿನ ಆಯಾ ಯಲ್ಲವ್ವ, ಕೊಪ್ಪಳದ ಕಡೆಯವಳು. ಮಕ್ಕಳು ಸೀಟಿಂದ ಸೀಟಿಗೆ ನೆಗೆಯುವುದರಿಂದ ಎಣಿಕೆ ಪ್ರತಿ ಸಲ ಬೇರೆ ಬರುತ್ತದೆಂದು ಅವಳು ಗೋಳಾಡಿದಾಗ ಒಂದು ಉಪಾಯ ಹೇಳಿಕೊಟ್ಟವನು ನಾನೇ. "ಮಕ್ಕಳು ಕುಣೀತಾವೆ, ಬ್ಯಾಗ್ ಕುಣಿಯಲ್ಲ. ಬ್ಯಾಗ್ ಎಣಿಸು ಯಲ್ಲವ್ವ." ಇಪ್ಪತ್ತೆರಡು ವರ್ಷ ಟೈಂ ಕೀಪರ್ ಆಗಿದ್ದವನ ಬುದ್ಧಿ ಅಂದರೆ ಸುಮ್ಮನೆಯೇ? ಕಿಟಕಿ ಪಕ್ಕದ ಸೀಟಿಗಾಗಿ ಮಕ್ಕಳು ಮೊದಲೇ ಓಡಿಬಂದು ಬ್ಯಾಗ್ ಇಟ್ಟು ಮತ್ತೆ ಇಳಿದು ಹೋಗುತ್ತಾರೆ ಎಂಬುದು ಶಾಲೆಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಆ ಕ್ಷಣಕ್ಕೆ ಹೊಳೆಯಲಿಲ್ಲ.

ಪ್ರತಿ ಸೋಮವಾರ ಪ್ರಾರ್ಥನೆಯಾದ ಮೇಲೆ ನನ್ನದೊಂದು ಉಪದೇಶ ಇರುತ್ತದೆ. ಬಸ್ಸು ತಪ್ಪಿದರೆ ಅಳಬೇಡಿ, ಗೇಟಿನ ಕಡೆ ಓಡಬೇಡಿ. ಕಾಂಪೌಂಡ್ ಗೋಡೆಯ ಮೇಲೆ ಬಸ್ಸಿನ ನಂಬರ್ ಬರೆದಿದೆಯಲ್ಲ, ನಿಮ್ಮ ನಂಬರಿನ ಕೆಳಗೆ ಕಟ್ಟೆಯ ಮೇಲೆ ಕೂತಿರಿ, ನಾನು ಬರುತ್ತೇನೆ. ಆಮೇಲೆ, ನಾನು ಫೋನಿನಲ್ಲಿರುವಾಗ ಮಧ್ಯೆ ಬಾಯಿ ಹಾಕಬೇಡಿ. ಮಕ್ಕಳು ಕೇಳಿಸಿಕೊಳ್ಳುತ್ತಾರೆಂದು ನಾನು ಯಾವತ್ತೂ ನಂಬಿರಲಿಲ್ಲ.

ಒಂದು ದಿನ ಬಸ್ಸುಗಳೆಲ್ಲ ಹೊರಟು ಅರ್ಧ ಗಂಟೆಯಾಗಿತ್ತು. ಯಲ್ಲವ್ವನ ಫೋನು ಬಂತು. "ಸರ್, ಎರಡನೇ ಕ್ಲಾಸಿನ ಸಿಂಚನಾಂದು ಚೀಲ ಐತ್ರಿ. ಹುಡುಗಿ ಇಲ್ರೀ." ಅವಳ ಕೈಯಿಂದ ಫೋನು ಕಿತ್ತುಕೊಂಡ ಸದ್ದು. ಸ್ಟಾಪಿನಲ್ಲಿ ಕಾಯುತ್ತಿದ್ದ ತಾಯಿ. ಗಾರ್ಮೆಂಟ್ಸ್ ಕೆಲಸದಿಂದ ನೇರ ಬಂದು ನಿಲ್ಲುವ ಹೆಣ್ಣುಮಗಳು.

"ಸಾರ್, ಬ್ಯಾಗ್ ಬಂದೈತೆ. ನನ್ ಮಗಳೆಲ್ಲಿ?"

ಹುಡುಕ್ತಾ ಇದ್ದೀನಿ ತಾಯಿ ಎಂದೆ, ಇನ್ನೂ ಕುರ್ಚಿಯಿಂದ ಎದ್ದಿರಲೇ ಇಲ್ಲ. ಎದ್ದವನು ಮತ್ತೆ ನಿಲ್ಲಲಿಲ್ಲ. ಕ್ಲಾಸಿಗೆ ಓಡಿದೆ, ಶೌಚಾಲಯಕ್ಕೆ ಓಡಿದೆ, ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಗೇಟಿನ ವಾಚ್‌ಮನ್‌ಗೆ ನಾಲ್ಕು ಸಲ ಅದೇ ಪ್ರಶ್ನೆ ಕೇಳಿದೆ, ಅವನು ನಾಲ್ಕು ಸಲವೂ ಇಲ್ಲ ಸಾರ್ ಎಂದ. ಓಡುತ್ತಲೇ ಡ್ರೈವರಿಗೆ ಫೋನು, ಟೀಚರಿಗೆ ಫೋನು, ಮತ್ತೆ ತಾಯಿಯ ಫೋನು. ಅವಳು ಆಟೋ ಹತ್ತಿದ್ದಳು, ಅಳು ಬಿಟ್ಟರೆ ಮಾತಿರಲಿಲ್ಲ. ನಡುನಡುವೆ ಜಿಪಿಎಸ್ ನೋಡುತ್ತಿದ್ದೆ. ನಾಲ್ಕನೇ ಬಸ್ಸು ಕೆಂಪು ಚುಕ್ಕೆಯಾಗಿ ಮೆಲ್ಲಗೆ ತಿರುವು ದಾಟುತ್ತಿತ್ತು. ಬಸ್ಸು ಯಾವ ಮರದ ಕೆಳಗಿದೆ ಎನ್ನುವುದು ಗೊತ್ತು, ಹುಡುಗಿ ಎಲ್ಲಿದ್ದಾಳೆಂದು ಗೊತ್ತಿಲ್ಲ. ಆದರೂ ಆ ಚುಕ್ಕೆಯನ್ನೇ ದಿಟ್ಟಿಸುತ್ತ ಬಸ್ಸು ನಿಲ್ಲುವ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ದೇವರೇ, ಬ್ಯಾಗ್ ಎಣಿಸು ಎಂದ ಈ ನಾಲಿಗೆ ಸೀಳಿಹೋಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಚಾರ್ಜು ಮುಗಿದು ಫೋನು ಸತ್ತಿತು. ನೋಡಲು ಇನ್ನೇನೂ ಇಲ್ಲದೆ ತಲೆ ಎತ್ತಿದೆ.

ಗೋಡೆಯ ಮೇಲೆ ನಾಲ್ಕು ಎಂದು ಬರೆದ ಕಡೆ, ಅದರ ಕೆಳಗಿನ ಕಟ್ಟೆಯ ಮೇಲೆ, ಟಿಫನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಿಂಚನಾ ಕೂತಿದ್ದಳು.

"ಸಾರ್, ಈಗ ಮಾತಾಡ್ಬಹುದಾ?"

ತಲೆ ಆಡಿಸಿದೆ.

"ಡಬ್ಬಿ ಮರ್ತಿದ್ದೆ ಸಾರ್, ತರೋಕೆ ಹೋದೆ. ಬರೋಷ್ಟರಲ್ಲಿ ಬಸ್ಸು ಹೋಗ್ಬಿಟ್ಟಿತ್ತು. ಅದಕ್ಕೆ ಇಲ್ಲಿ ಕೂತ್ಕೊಂಡೆ. ನೀವು ಐದು ಸಲ ಹೋದ್ರಿ. ಫೋನಲ್ಲಿ ಇದ್ರಿ."

ಅವಳ ಪಕ್ಕದಲ್ಲಿ ಕುಸಿದು ಕೂತೆ. ಎಷ್ಟೋ ವರ್ಷಗಳ ನಂತರ ನಾನು ಅತ್ತೆ, ಅದೂ ಎರಡನೇ ಕ್ಲಾಸಿನ ಮಗುವಿನ ಎದುರು. ಅವಳು ಡಬ್ಬಿ ತೆರೆದು ಉಳಿದಿದ್ದ ಅರ್ಧ ಚಪಾತಿಯನ್ನು ನನ್ನ ಮುಂದೆ ಹಿಡಿದಳು. ಆಮೇಲೆ ವಾಚ್‌ಮನ್ ಫೋನಿನಿಂದ ತಾಯಿಗೆ ಕರೆ ಮಾಡಿದೆವು. ನಂಬರ್ ಹೇಳಿದವಳು ಸಿಂಚನಾಳೇ, ನನಗದು ಬಾಯಿಪಾಠವಿರಲಿಲ್ಲ.

ಈಗ ಯಲ್ಲವ್ವ ಒಂದೊಂದು ತಲೆಯನ್ನೂ ಮುಟ್ಟಿ ಎಣಿಸುತ್ತಾಳೆ. ನನ್ನ ಚಡಪಡಿಕೆಯೇನೂ ಕಡಿಮೆಯಾಗಿಲ್ಲ, ಆದರೆ ಓಡುವಾಗ ಫೋನು ಜೇಬಿನಲ್ಲಿರುತ್ತದೆ.

ಅಂದು ಸಂಜೆ ರಿಜಿಸ್ಟರ್ ತುಂಬಲು ಕೂತೆ. ಬಸ್ಸು ತಪ್ಪಿಸಿಕೊಂಡವರ ಪಟ್ಟಿಯಲ್ಲಿ ಸಿಂಚನಾ ಎಂದು ಬರೆದೆ. ಮನಸ್ಸು ಒಪ್ಪಲಿಲ್ಲ. ಇರು ಎಂದ ಜಾಗದಲ್ಲಿ, ಇರು ಎಂದ ಹಾಗೆಯೇ ಇದ್ದವಳು ಅವಳು. ಹೆಸರು ಹೊಡೆದು ಹಾಕಿ ನನ್ನ ಹೆಸರು ಬರೆದೆ. ಮರುದಿನ ಪ್ರಿನ್ಸಿಪಾಲರು ಕನ್ನಡಕ ಏರಿಸಿಕೊಂಡು ಕೇಳಿದರು: "ಏನ್ರೀ ಇದು, ನೀವು ಯಾವ ಬಸ್ಸು?"

ನಾಲ್ಕನೇದು ಮೇಡಂ ಎಂದೆ.