ಫರಸಿಯ ಕೆಳಗಿನ ನಳ

ನಮ್ಮ ಮನೆಯ ಬಾಗಿಲ ಮುಂದೆ, ಮೂರನೆಯ ಫರಸಿ ಕಲ್ಲಿನ ಕೆಳಗೆ, ಒಂದು ತಗ್ಗಿದೆ. ಇಳಿದು ನಿಂತರೆ ನನ್ನ ಸೊಂಟದವರೆಗೆ ಬರುತ್ತದೆ. ಅದರ ತಳದಲ್ಲಿ ನಮ್ಮ ನೀರಿನ ನಳ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಳ ಗೋಡೆಯ ಮೇಲಿರಬೇಕಲ್ಲ, ನೆಲದೊಳಗೆ ಯಾಕೆ ಅನ್ನುತ್ತಾರೆ. ಅವರ ಊರಿನಲ್ಲಿ ದಿನವೂ ನೀರು ಬರುತ್ತದೆ, ನಗಲಿ.

ಮಹಾರಾಷ್ಟ್ರದ ಉಮರ್ಗಾ ಮತ್ತು ನಿಲಂಗಾದ ನಡುವಿನ ನಮ್ಮ ಪೇಟೆ ಊರಿನಲ್ಲಿ ನೀರು ಬಿಡುವುದು ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹನ್ನೆರಡು ದಿನಕ್ಕೊಮ್ಮೆ. ಬಂದರೂ ಒಂದೇ ತಾಸು. ಪೈಪಿನಲ್ಲಿ ಜೋರಿಲ್ಲದ ಕಾರಣ ನೀರು ಗೋಡೆಯ ನಳಕ್ಕೆ ಏರುವುದೇ ಇಲ್ಲ. ಯಾರ ನಳ ಕೆಳಗಿದೆಯೋ ಅವರಿಗೆ ಮೊದಲು ನೀರು. ಆದ್ದರಿಂದ ಗಲ್ಲಿಯ ಪ್ರತಿ ಮನೆಯವರೂ ಬಾಗಿಲ ಮುಂದೆ ಅಗೆದು ನಳವನ್ನು ಕೆಳಗಿಳಿಸಿದ್ದಾರೆ. ಒಬ್ಬರು ಒಂದು ಗೇಣು ಇಳಿಸಿದರೆ ಪಕ್ಕದವರು ಒಂದು ಮೊಳ ಇಳಿಸುತ್ತಾರೆ. ಇತ್ತ ನಳಗಳು ಇಳಿಯುತ್ತಿದ್ದರೆ ಅತ್ತ ರಸ್ತೆ ಏರುತ್ತಿದೆ. ಹಳೆಯ ಸಿಮೆಂಟು ಒಡೆಯದೆ ಅದರ ಮೇಲೆಯೇ ಹೊಸದನ್ನು ಸುರಿದು ಹೋಗುತ್ತಾರೆ. ನಾನು ಮದುವೆಯಾಗಿ ಬಂದಾಗ ಮೂರು ಮೆಟ್ಟಿಲು ಹತ್ತಿ ಈ ಮನೆಯೊಳಗೆ ಕಾಲಿಟ್ಟಿದ್ದೆ. ಈಗ ಒಂದು ಮೆಟ್ಟಿಲು ಇಳಿದು ಒಳಗೆ ಹೋಗುತ್ತೇನೆ. ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ, ಆದರೆ ಸಿಟ್ಟು ತೀರಿಸಿಕೊಳ್ಳಲು ರಸ್ತೆ ಹಾಕಿದವರು ಕೈಗೆ ಸಿಗುವುದಿಲ್ಲ. ಕೈಗೆ ಸಿಗುವವಳು ಎದುರು ಮನೆಯವಳು.

ಎದುರು ಮನೆಯವಳ ತವರು ತುರೋರಿ, ನನ್ನದು ಗುಂಜೋಟಿ. ಅವರದು ಬಟ್ಟೆ ಅಂಗಡಿ, ನಮ್ಮದು ಕಿರಾಣಿ. ಈ ಗಲ್ಲಿಯಲ್ಲಿ ಒಲೆಯ ಮುಂದೆ ಕನ್ನಡ ಮಾತಾಡುವ ಮನೆಗಳು ಇವೆರಡೇ. ಹೊಸದಾಗಿ ಬಂದಾಗ ನನ್ನ ಮರಾಠಿ ಕೇಳಿ ಬೇರೆ ಹೆಂಗಸರು ಮುಸಿಮುಸಿ ನಗುವಾಗ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟವಳು ಆಕೆ. ನನಗಿಂತ ಐದಾರು ವರ್ಷ ದೊಡ್ಡವಳು, ಅಕ್ಕಾ ಎನ್ನುತ್ತಿದ್ದೆ. ಜಗಳಕ್ಕೂ ನಮ್ಮ ನಡುವೆ ಒಂದು ಪದ್ಧತಿ ಇತ್ತು. ಸಣ್ಣ ಪುಟ್ಟದಕ್ಕೆ ಕನ್ನಡದಲ್ಲಿ ಜಗಳಾಡುತ್ತಿದ್ದೆವು, ಉಳಿದವರಿಗೆ ತಿಳಿಯಬಾರದೆಂದು. ಜಗಳ ಕೈಮೀರಿದರೆ ಇಬ್ಬರಲ್ಲಿ ಒಬ್ಬಳು ಮರಾಠಿಗೆ ಹೊರಳುತ್ತಿದ್ದಳು, ಎಲ್ಲರಿಗೂ ತಿಳಿಯಲೆಂದು. ಮರಾಠಿ ಶುರುವಾಯಿತೆಂದರೆ ಕಿಟಕಿಗಳು ತೆರೆಯುತ್ತಿದ್ದವು.

ಶಿರೂರ ಅನಂತಪಾಳಕ್ಕೆ ಕೊಟ್ಟ ನನ್ನ ಮಗಳು ಏಳು ತಿಂಗಳು ತುಂಬಿ ಚೊಚ್ಚಲ ಬಾಣಂತನಕ್ಕೆ ಬಂದದ್ದು ಒಂದು ಕೆಟ್ಟ ಬೇಸಿಗೆಯಲ್ಲಿ. ಬಾಣಂತನ ಅಂದರೆ ನೀರು. ತಾಯಿಗೆ ದಿನವೂ ಎರಡು ಹಂಡೆ ಬಿಸಿನೀರು ಎರೆಯಬೇಕು, ಕೂಸಿಗೆ ಬೇರೆ, ಬಟ್ಟೆಗಳಿಗೆ ಬೇರೆ. ಟ್ಯಾಂಕರಿನದು ಸವಳು ನೀರು, ಅದರಲ್ಲಿ ಬೇಳೆ ಕೂಡ ಬೇಯುವುದಿಲ್ಲ. ಅದನ್ನು ಹಸುಗೂಸಿನ ಮೈಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಮೊದಲನೆಯ ಬಾಣಂತನದಲ್ಲಿ ನೀರಿಗೆ ಕೊರತೆ ಮಾಡಿದರು ಎಂದು ಬೀಗರ ಮನೆಯಲ್ಲಿ ಆಡಿಕೊಂಡರೆ ನಾನು ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಹೋಗಲಿ?

ಸರಿಯಾಗಿ ಆ ಹೊತ್ತಿಗೆ ನಮ್ಮ ನಳ ಸೊರಗಿತು. ಮೊದಲು ಕೊಡ ತುಂಬಲು ಎರಡು ನಿಮಿಷ ಸಾಕಿತ್ತು, ಈಗ ಹತ್ತು ನಿಮಿಷವಾದರೂ ಅರ್ಧ ಕೊಡ. ಹೊರಗೆ ಬಂದು ನೋಡಿದೆ. ಎದುರು ಮನೆಯ ತಗ್ಗಿನ ಪಕ್ಕದಲ್ಲಿ ಹಸಿ ಕರಿಮಣ್ಣಿನ ಗುಡ್ಡೆ. ಆಕೆ ಮತ್ತೆ ಒಂದು ಮೊಳ ಅಗೆಸಿದ್ದಳು.

"ಅಕ್ಕಾ, ಮನ್ಯಾಗ ಬಸುರಿ ಹೆಣ್ಣಮಗಳು ಅದಾಳ. ನಿಮಗ ಗೊತ್ತಿಲ್ಲೇನು?" ಎಂದೆ.

"ಗೊತ್ತದ. ನಮ್ಮ ಮನ್ಯಾಗೂ ಐದು ಮಂದಿ ಅದಾರ. ಅವರಿಗೆ ನೀರಡಕಿ ಆಗೂದಿಲ್ಲೇನು?" ಎಂದಳು. ಸೆರಗು ಸಿಕ್ಕಿಸಿಕೊಂಡು ಕೊಡ ಎತ್ತಿ ಒಳಗೆ ಹೋದಳು.

ಅಂದಿನಿಂದ ನಾನು ಆಕೆಯನ್ನು ಅಕ್ಕಾ ಎನ್ನಲಿಲ್ಲ.

ಮರುದಿನವೇ ನಳದ ಕೆಲಸದವನನ್ನು ಕರೆಸಿದೆ. ಅವನು ಬೀದರ ಕಡೆಯವನು, ತಲೆ ನೆರೆತ ಮನುಷ್ಯ, ಈ ಗಲ್ಲಿಯ ಎಲ್ಲ ತಗ್ಗುಗಳನ್ನೂ ಅವನೇ ತೋಡಿದ್ದು. ಎದುರಿನದಕ್ಕಿಂತ ಒಂದು ಮೊಳ ಆಳ ಬೇಕು ಎಂದೆ.

"ಇಷ್ಟು ಆಳ ಬ್ಯಾಡ್ರಿ ಅಕ್ಕಾರ. ಮಳಿ ಬಂದ್ರ ಗಟಾರದ ನೀರೆಲ್ಲಾ ಇದರಾಗ ಕೂಡ್ತದ."

"ಮಳಿ ಮೊದಲ ಬರ್ಲಿ. ಬಂದ ಮ್ಯಾಲ ನೋಡೂಣು."

ಅವನು ತಲೆ ಕೆರೆದುಕೊಂಡು ಅಗೆದ. ನಳಕ್ಕೆ ತಿರುಗಿಸುವ ತೋಟಿ ಬೇಡ ಎಂದೆ, ತೋಟಿ ಇದ್ದರೆ ನೀರಿನ ಧಾರೆ ಸಣ್ಣದಾಗುತ್ತದೆ. ಬರೀ ಪೈಪಿನ ಬಾಯಿ ಬಿಟ್ಟು, ಅದಕ್ಕೆ ಬಟ್ಟೆ ಸುತ್ತಿದ ಕಟ್ಟಿಗೆಯ ಬೂಚು ಜಡಿದು ಕೊಟ್ಟ. ನೀರು ಬಂದಾಗ ಬೂಚು ಕೀಳಬೇಕು, ಮುಗಿದ ಮೇಲೆ ಮತ್ತೆ ಜಡಿಯಬೇಕು. "ಇದನ್ನ ಮರೀಬ್ಯಾಡ್ರಿ, ಬೂಚು ಇಲ್ಲಂದ್ರ ಹೊಲಸ ನೀರು ಲೈನಿನ್ಯಾಗ ಹೊಕ್ಕತದ, ಅಲ್ಲಿಂದ ಎಲ್ಲಾರ ಮನಿಗಿ ಹೋಗ್ತದ" ಎಂದು ಎರಡು ಸಲ ಹೇಳಿ ಹೋದ. ಮೇಲೆ ಫರಸಿ ಮುಚ್ಚಿದ ಮೇಲೆ ನಮ್ಮ ತಗ್ಗಿನ ಆಳ ಯಾರಿಗೂ ಕಾಣುತ್ತಿರಲಿಲ್ಲ. ಗಲ್ಲಿಯವರ ಕಣ್ಣಿಗೆ ಎದುರು ಮನೆಯದೇ ದೊಡ್ಡ ತಗ್ಗು.

ನಾನು ಬೂಚು ಮರೆಯಲಿಲ್ಲ. ಬೇಕೆಂದೇ ತೆಗೆದಿಟ್ಟೆ. ನೀರು ಯಾವ ಹೊತ್ತಿಗೆ ಬರುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಒಮ್ಮೆ ಬೆಳಗಿನ ಪೂಜೆಯ ಹೊತ್ತು, ಒಮ್ಮೆ ಉರಿ ಮಧ್ಯಾಹ್ನ. ಆದರೆ ನೀರಿಗಿಂತ ಮೊದಲು ಪೈಪಿನಿಂದ ಗಾಳಿ ಬರುತ್ತದೆ. ಬಾಯಿ ತೆರೆದಿದ್ದರೆ ಆ ಸುಯ್ಯೆಂಬ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಎದುರು ಮನೆಯವಳು ಬಾಗಿಲು ತೆರೆಯುವಷ್ಟರಲ್ಲಿ ನಾನು ನಾಲ್ಕು ಕೊಡ ತುಂಬಿಕೊಂಡಿರುತ್ತಿದ್ದೆ. ಅವಳ ನಳ ನೂಲಿನಂತೆ ಸುರಿಯುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ತಣ್ಣಗಾದದ್ದು ನಿಜ.

ಮಳೆ ಶುರುವಾಗಬೇಕಾದ ಮಿರಗ ಬಂತು, ಹನಿ ಇಲ್ಲದೆ ಹೋಯಿತು. ಮಗಳಿಗೆ ನಿಲಂಗಾದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಕರೆತಂದು ಎಂಟು ದಿನವಾಗಿತ್ತು. ಊಟದ ಹೊತ್ತು ಮೀರಿದಾಗ ಆಕಾಶ ಕಪ್ಪಾಯಿತು. ಮೊದಲೆಲ್ಲ ಮಳೆ ಅಂದರೆ ನಾಲ್ಕು ದಿನ ಜಿಟಿಜಿಟಿ ಹಿಡಿದು ಭೂಮಿಗೆ ಇಳಿಯುತ್ತಿತ್ತು. ಈಗಿನದು ಹಾಗಲ್ಲ. ತಿಂಗಳಿಡೀ ಮುಖ ತೋರಿಸದೆ ಒಂದೇ ಮಧ್ಯಾಹ್ನ ಎಲ್ಲವನ್ನೂ ತಲೆಯ ಮೇಲೆ ಸುರಿದು ಹೋಗುತ್ತದೆ. ಅರ್ಧ ತಾಸಿನಲ್ಲಿ ಗಟಾರ ತುಂಬಿತು. ರಸ್ತೆ ಮೇಲೆ, ಮನೆ ಕೆಳಗೆ, ನೀರು ಎಲ್ಲಿಗೆ ಹೋಗಬೇಕು? ಹೊಸ್ತಿಲು ದಾಟಿ ಒಳಗೆ ಬಂತು. ಬಾಣಂತಿಯ ಮಂಚದ ಕಾಲು ಮುಳುಗಿತು. ಹನ್ನೆರಡು ದಿನ ಕಾದರೂ ಸಿಗದ ನೀರು ಕರೆಯದೆ ಮನೆಯೊಳಗೆ ಬಂದು ನಿಂತಿತ್ತು, ಮೇಲೆ ಎಮ್ಮೆಯ ಸಗಣಿ, ಚಪ್ಪಲಿ, ಯಾರದೋ ಮನೆಯ ಕಸ. ಮಗಳು ಕೂಸನ್ನು ಎದೆಗೆ ಅವಚಿಕೊಂಡು ಅಳುತ್ತಿದ್ದಳು. ನಾನು ಮತ್ತು ನನ್ನ ಯಜಮಾನರು ತಾಟಿನಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದೆವು.

ಮಳೆ ನಿಂತು ನೀರು ಇಳಿದಾಗ ಹೊರಗೆ ಬಂದೆ. ಮೂರನೆಯ ಫರಸಿ ಸರಿದು ಬಿದ್ದಿತ್ತು. ತಗ್ಗಿನ ತುಂಬ ಕಪ್ಪು ನೀರು. ನಡುವೆ ಗುಳುಗುಳು ಗುಳ್ಳೆಗಳು ಏಳುತ್ತಿದ್ದವು, ನೀರು ಪೈಪಿನೊಳಗೆ ಇಳಿಯುತ್ತಿತ್ತು. ಬೂಚು ನನ್ನ ಅಡುಗೆಮನೆಯ ಗೂಡಿನಲ್ಲಿತ್ತು. ಏನಾಗುತ್ತಿದೆಯೆಂದು ನನಗೆ ತಿಳಿಯಲಿಲ್ಲ ಎಂದು ಬರೆಯಬಹುದು. ಬರೆದರೆ ಅದು ಸುಳ್ಳು. ಓಡಿ ಹೋಗಿ ಬೂಚು ತಂದೆ, ತೋಳು ಮುಳುಗಿಸಿ ಜಡಿದೆ, ಫರಸಿ ಎಳೆದು ಮುಚ್ಚಿದೆ. ಸುತ್ತ ನೋಡಿದೆ. ಎಲ್ಲರೂ ತಮ್ಮ ತಮ್ಮ ಮನೆಯ ಕೆಸರು ಬಳಿಯುತ್ತಿದ್ದರು. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು, ಯಾರೂ ಕಾಣಲಿಲ್ಲ.

ಎರಡು ದಿನಕ್ಕೆ ನಳಕ್ಕೆ ನೀರು ಬಂತು. ಮೊದಲ ನಾಲ್ಕು ಕೊಡ ರಾಡಿಯಾಗಿ ಬಂತು, ಚೆಲ್ಲಿದೆ. ಆಮೇಲೆ ತಿಳಿಯಾಯಿತು. ನಮ್ಮ ಮನೆಯಲ್ಲಿ ಬಾಣಂತಿ ಇದ್ದುದರಿಂದ ಕುಡಿಯುವ ನೀರನ್ನು ಕುದಿಸದೆ ಯಾರಿಗೂ ಕೊಡುತ್ತಿರಲಿಲ್ಲ. ಗಲ್ಲಿಯಲ್ಲಿ ಬೇರೆ ಯಾರು ಕುದಿಸುತ್ತಾರೆ? ಮೂರನೆಯ ದಿನ ಆರು ಮನೆಗಳಲ್ಲಿ ವಾಂತಿ ಭೇದಿ. ಎದುರು ಮನೆಯವಳಿಗೆ ಎಲ್ಲರಿಗಿಂತ ಹೆಚ್ಚು. ಆಕೆಯನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಒಂದು ಕಾಲು ಹೊರಗೆ ಜೋತಾಡುತ್ತಿತ್ತು.

ನಾಲ್ಕು ದಿನದ ಮೇಲೆ ಆಕೆ ಮರಳಿ ಬಂದಳು. ಮುಂಗೈಗೆ ಸಲೈನಿನ ಪಟ್ಟಿ ಹಾಗೇ ಇತ್ತು. ಅವತ್ತೇ ಗಲ್ಲಿಯವರೆಲ್ಲ ಸೇರಿದರು. ಹೊಲಸು ನೀರು ಲೈನಿಗೆ ಎಲ್ಲಿಂದ ಹೊಕ್ಕಿತು ಎಂದು ಹುಡುಕುವುದು ಅವರ ಉದ್ದೇಶ. ನಳದ ಕೆಲಸದವನನ್ನೂ ಕರೆಸಿದ್ದರು. ಅವನು ಒಂದೊಂದೇ ತಗ್ಗು ನೋಡುತ್ತ ನಮ್ಮ ಮನೆಯ ಕಡೆಗೆ ಬರುತ್ತಿದ್ದ. ಈ ತಗ್ಗು ಮುಚ್ಚಿಸಿದರೆ ನಾಳೆಯಿಂದ ಬಾಣಂತಿಗೆ ನೀರೆಲ್ಲಿ? ಅವನು ಮೂರನೆಯ ಫರಸಿಯ ಹತ್ತಿರ ಬರುವ ಮೊದಲೇ ನಾನು ಬಾಯಿ ತೆಗೆದೆ, ಮರಾಠಿಯಲ್ಲಿ.

"ತುಮಚ್ಯಾ ಖಡ್ಡ್ಯಾಚಂ ಪಾಣಿ ಸಗಳ್ಯಾ ಗಲ್ಲೀಲಾ ಪಾಜತಾ ಕಾ?" ನಿಮ್ಮ ತಗ್ಗಿನ ನೀರನ್ನು ಗಲ್ಲಿಗೆಲ್ಲ ಕುಡಿಸುತ್ತೀರಾ ಎಂದು ಆಕೆಯ ಕಡೆ ಕೈ ಮಾಡಿ ಕೂಗಿದೆ. ಬಸುರಿಯ ನೀರು ಕಸಿದವಳು ಇವಳೇ, ಗಲ್ಲಿಯಲ್ಲೆಲ್ಲ ಆಳವಾದ ತಗ್ಗು ಇವಳದೇ, ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ.

ಮಂದಿ ಎಲ್ಲ ಅತ್ತ ತಿರುಗಿದರು. ಕೆಲಸದವನು ನನ್ನ ಮುಖ ನೋಡಿದ, ಫರಸಿ ನೋಡಿದ, ಅದನ್ನು ಎತ್ತದೆ ಮುಂದೆ ಹೋದ. ನಮ್ಮದನ್ನು ಎಲ್ಲಕ್ಕಿಂತ ಆಳ ತೋಡಿದವನು ತಾನೇ ಎಂದು ಒಪ್ಪಿಕೊಂಡರೆ ಅವನಿಗೂ ಏಟು ಬೀಳುತ್ತಿತ್ತು. ಎದುರು ಮನೆಯವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಮರಾಠಿಯಲ್ಲಿ ನನಗಿಂತ ನಾಲ್ಕು ಪಟ್ಟು ಜೋರಾಗಿ ಬೈಯಬಲ್ಲವಳು ಅವತ್ತು ತುಟಿ ಬಿಚ್ಚಲಿಲ್ಲ. ತ್ರಾಣ ಇರಲಿಕ್ಕಿಲ್ಲ ಅಂದುಕೊಂಡೆ. ಸಂಜೆಯೊಳಗೆ ಆಕೆಯ ತಗ್ಗಿಗೆ ಖಡಿ ಕಲ್ಲು, ಸಿಮೆಂಟು ತುಂಬಿ ನಳವನ್ನು ರಸ್ತೆಯ ಮಟ್ಟಕ್ಕೆ ಏರಿಸಿದರು. ಆ ನಳಕ್ಕೆ ಆಮೇಲೆ ನೀರು ಏರಲಿಲ್ಲ. ಆಕೆ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲತೊಡಗಿದಳು. ನಮ್ಮ ನಳ ಮಾತ್ರ ಧೋ ಎಂದು ಸುರಿಯಿತು. ಮಗಳಿಗೆ ದಿನವೂ ಎರಡು ಹಂಡೆ ಎರೆದೆ, ಕೂಸಿನ ಮೈ ಹೊಳೆಯಿತು.

ಗಲಾಟೆಯಲ್ಲಿ ಮುಂದೆ ಹೋಗಿದ್ದ ತೊಟ್ಟಿಲ ಕಾರ್ಯವನ್ನು ತಿಂಗಳಾದ ಮೇಲೆ ಇಟ್ಟುಕೊಂಡೆವು. ಗಲ್ಲಿಯ ಹೆಂಗಸರನ್ನೆಲ್ಲ ಕರೆದು ಒಂದೇ ಮನೆ ಬಿಟ್ಟರೆ ಮಂದಿ ಏನಂದಾರು ಎಂದು ಎದುರು ಮನೆಗೂ ಕುಂಕುಮ ಕಳಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಇಳಕಲ್ ಸೀರೆ ಉಟ್ಟು, ಕೂಸಿಗೆ ಒಂದು ಕುಲಾಯಿ, ಅಂಗಿ ಹಿಡಿದು ಬಂದು ತೊಟ್ಟಿಲ ಪಕ್ಕದಲ್ಲಿ ಕುಳಿತಳು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ರೂಢಿ. ಲೋಟ ತುಂಬಿ ಆಕೆಯ ಮುಂದೆ ಹಿಡಿದೆ.

"ನೀರು ಬ್ಯಾಡ" ಎಂದಳು.

"ನೀರ್ ಬ್ಯಾಡ ಅನಬಾರದ್ರಿ, ಶುಭಕಾರ್ಯ ಅದ" ಎಂದೆ. ಸುತ್ತ ಕುಳಿತವರು ನೋಡುತ್ತಿದ್ದರು. ಅವರಿಗೆ ಕನ್ನಡ ಬಾರದು. ಶಿರೂರಿನಿಂದ ಬಂದಿದ್ದ ನನ್ನ ಬೀಗತಿಗೂ ಬಾರದು.

ಆಕೆ ಕೂಸಿನ ತಲೆಗೆ ಕುಲಾಯಿ ಕಟ್ಟುತ್ತ, ಕೂಸಿನ ಸಂಗಡ ಮಾತಾಡಿದ ಹಾಗೆ, ಮೆಲ್ಲಗೆ ಅಂದಳು. "ಮಳಿ ಬಂದ ದಿನ ನಿಮ್ಮ ಫರಸಿ ಸರದು ಬಿದ್ದಿತ್ತು. ಪೈಪಿಗಿ ಬೂಚು ಇದ್ದಿಲ್ಲ. ನೀ ಓಡಿ ಬಂದು ಜಡದದ್ದು ನಾ ಬಾಗಲಾಗ ನಿಂತು ನೋಡೀನಿ. ಅವತ್ತು ನಾ ಬಾಯಿ ಬಿಟ್ಟಿದ್ರ ನಿನ್ನ ತಗ್ಗೂ ಮುಚ್ಚತಿದ್ರು. ಈ ಕೂಸಿಗಿ ನೀರು ಇರ್ತಿದ್ದಿಲ್ಲ. ಅದಕ್ಕ ಸುಮ್ನ ಕುಂತೆ. ನಿನ್ನ ಸಲುವಾಗಿ ಅಲ್ಲ."

ಹೆಂಗಸರು ಆಕೆ ಕೂಸಿಗೆ ಏನೋ ಹರಸುತ್ತಿದ್ದಾಳೆಂದು ತಿಳಿದು ನಕ್ಕರು. ನನ್ನ ಮಗಳು ಮಾತ್ರ ನಗಲಿಲ್ಲ. ಅವಳಿಗೆ ಎಲ್ಲ ತಿಳಿದಿತ್ತು. ತೊಟ್ಟಿಲ ಹಗ್ಗ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆ ಅದನ್ನು ಮರಾಠಿಯಲ್ಲಿ ಕೂಗಿ ಹೇಳಿದ್ದರೆ ನಾನೂ ಕೂಗಬಹುದಿತ್ತು.

ಕೈಯಲ್ಲಿ ತುಂಬಿದ ಲೋಟ ಹಾಗೇ ಇತ್ತು. ಅವತ್ತು ಬಂದವರು ಬಹಳ, ಕುದಿಸಿ ಆರಿಸಲು ಪುರಸೊತ್ತಿರಲಿಲ್ಲ, ನಳದಿಂದ ಹಿಡಿದದ್ದನ್ನೇ ತುಂಬಿದ್ದೆ. ಚೆಲ್ಲಲು ಕೈ ಬರಲಿಲ್ಲ, ನಮ್ಮೂರಿನಲ್ಲಿ ಯಾರೂ ತಿಳಿ ನೀರು ಚೆಲ್ಲುವುದಿಲ್ಲ. ಮಗಳು ನೋಡುತ್ತಿದ್ದಂತೆ ನಾನೇ ಕುಡಿದೆ.